ಓದಿನ ಬುತ್ತಿ: ಸೀಮೆಯ ಪುಸ್ತಕಗಳು, ಮನೆಯ ಬಾಗಿಲು

ನಾವು ವಿದ್ವಾಂಸರಲ್ಲ, ವಿಮರ್ಶಕರಂತೂ ಅಲ್ಲವೇ ಅಲ್ಲ. ನಮ್ಮ ನೀಲಗುಂದದ ಭೀಮೇಶ್ವರ ದೇಗುಲಕ್ಕೆ ಬರುವವರೆಲ್ಲರೂ ಶಿಲ್ಪಶಾಸ್ತ್ರ ಬಲ್ಲವರೇನು? ಚಾಲುಕ್ಯರ ಕಾಲದ ಆ ಕೆತ್ತನೆಯನ್ನು ಕಂಡು ತಲೆದೂಗಿ ಹೋಗುತ್ತಾರೆ. ಪುಸ್ತಕಗಳೊಡನೆ ನಮ್ಮ ನಂಟೂ ಅಂಥದೇ. ರಾತ್ರಿಯ ಊಟ, ಲಿಂಗಪೂಜೆಗಳು ಮುಗಿದ ಮೇಲೆ ದೊರೆಯುವ ಒಂದು ಗಳಿಗೆಯಲ್ಲಿ ಕೈಗೆ ಬಂದುದನ್ನು ಓದುತ್ತೇವೆ. ಮನಸ್ಸಿಗೆ ನಾಟಿದುದನ್ನು ಈ ಅಂಕಣದಲ್ಲಿ ಬಂಧುಗಳ ಮುಂದಿಡುತ್ತೇವೆ. ಕಳೆದ ಕೆಲವು ತಿಂಗಳುಗಳ ಓದಿನಲ್ಲಿ ನಮ್ಮ ಸೀಮೆಯವರೇ ಹೆಚ್ಚಾಗಿ ಬಂದುದು ಒಂದು ಸಂತೋಷ.

ಮೊದಲನೆಯದು ಬೀಚಿಯವರ ಆತ್ಮಕಥೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರೇ ನಾಡು ನಗಿಸಿದ ಬೀಚಿ ಎಂಬುದು ನಮ್ಮ ತಾಲ್ಲೂಕಿನ ಎಷ್ಟು ಮಕ್ಕಳಿಗೆ ತಿಳಿದಿದೆಯೋ ಕಾಣೆವು. ‘ನನ್ನ ಭಯಾಗ್ರಫಿ’ ಎಂಬ ಹೆಸರೇ ನಗೆ ತರಿಸುತ್ತದೆ. ಆದರೆ ಒಳಗೆ ಇರುವುದು ಕಷ್ಟದ ಬದುಕು. ಕನ್ನಡವೆಂದರೆ ಅಸಡ್ಡೆಯಿಂದ ಇದ್ದ ಈ ಮನುಷ್ಯ, ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿಯನ್ನು ಆಕಸ್ಮಿಕವಾಗಿ ಓದಿ ಕನ್ನಡದ ಕಡೆಗೆ ಹೊರಳಿದರು. ಒಂದೇ ಒಂದು ಪುಸ್ತಕ ಒಬ್ಬ ಲೇಖಕನನ್ನೇ ನಾಡಿಗೆ ಕೊಟ್ಟಿತು! ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಮನೆಯಲ್ಲಿ ನಾಲ್ಕು ಪುಸ್ತಕಗಳಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಬೀಚಿಯವರ ಕೆಲವು ಚಾಟಿ ಮಾತುಗಳು ಇಂದಿನ ಕಿವಿಗೆ ಒರಟಾಗಿ ಕೇಳಬಹುದು. ಆದರೂ ತನ್ನನ್ನೇ ಮೊದಲು ಗೇಲಿ ಮಾಡಿಕೊಳ್ಳುವವನ ಮೇಲೆ ಬಹಳ ಹೊತ್ತು ಮುನಿಸಿಕೊಳ್ಳುವುದು ನಮ್ಮಿಂದಾಗಲಿಲ್ಲ.

ಎರಡನೆಯದು ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕಾದಂಬರಿ. ಪಾಳೆಯಗಾರರ ಕಾಲ ಮುಗಿದು ಕುಂಪಣಿಯ ಆಳ್ವಿಕೆ ಬೇರೂರುತ್ತಿದ್ದ ದಿನಗಳ ಕಥೆ. ಥಾಮಸ್ ಮನ್ರೋ ಸಾಹೇಬನೂ ಇದರಲ್ಲಿ ಒಂದು ಪಾತ್ರ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ, 1807ರ ವರೆಗೆ ಇಲ್ಲಿಯ ಕಂದಾಯ ವ್ಯವಸ್ಥೆಯನ್ನು ಕಟ್ಟಿದವನು ಅವನೇ. ಹರಪನಹಳ್ಳಿಯೂ ಪಾಳೆಯಪಟ್ಟಾಗಿದ್ದ ಊರಾದುದರಿಂದ ಈ ಕಥೆ ನಮಗೆ ದೂರದ್ದಲ್ಲ. ಸತ್ಯವನ್ನೇ ಹೇಳುವುದಾದರೆ, ಮೊದಲ ಐವತ್ತು ಪುಟಗಳಲ್ಲಿ ನಮಗೆ ಉಸಿರು ಕಟ್ಟಿತು. ವಾಕ್ಯಗಳು ತುಂಬಿದ ಹಳ್ಳದಂತೆ ನುಗ್ಗುತ್ತವೆ. ಪಾತ್ರಗಳ ಜಾತ್ರೆಯೇ ನೆರೆಯುತ್ತದೆ. ಅನಂತರ ಗಟ್ಟಿಯಾಗಿ ಓದತೊಡಗಿದೆವು. ಆಗ ಆಶ್ಚರ್ಯ! ಅದು ನಮ್ಮ ಕಟ್ಟೆಯ ಮೇಲಿನ ಹಿರಿಯರ ಮಾತೇ ಆಗಿತ್ತು. ಕಣ್ಣಿಗೆ ಕಷ್ಟವಾದುದು ಕಿವಿಗೆ ಸುಲಭವಾಯಿತು. ಬಂಧುಗಳು ಹಾಗೆಯೇ ಓದಿ ನೋಡಲಿ. ಅವರ ಆತ್ಮಕಥೆ ‘ಗಾಂಧಿ ಕ್ಲಾಸು’ ಇದಕ್ಕಿಂತ ಹಗುರವಾಗಿ ಸಾಗುತ್ತದೆ. ಗಡಿನಾಡ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದವರ ಅನುಭವವನ್ನು ಶಿಕ್ಷಕ ಬಂಧುಗಳು ಅವಶ್ಯ ಓದಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ರಾತ್ರಿಯಲ್ಲಿ ಮುಗಿಯಿತು. ಬಡತನದಲ್ಲಿ ಒಗ್ಗಟ್ಟಾಗಿದ್ದ ಬೆಂಗಳೂರಿನ ಒಂದು ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ಹಣ ಬರುತ್ತದೆ. ಬಂದ ಹಣ ಮನೆಯವರನ್ನೇ ಬದಲಿಸುತ್ತದೆ. ಇದರಲ್ಲಿ ಕೂಗಾಟವಿಲ್ಲ, ಉಪದೇಶವಿಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ಕಾಯಕ ಬೇಡದ ಹಣ ಮನೆಗೆ ಬಂದರೆ ಏನಾಗುತ್ತದೆಂಬುದನ್ನು ಶರಣರನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ನಿದ್ದೆಗೆಡಿಸಿದ ಎರಡು ಓದುಗಳ ಮಾತು. ಹಾಸನದ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದು ಎಲ್ಲರಿಗೂ ತಿಳಿದ ಸಂಗತಿ. ಅನುವಾದಿಸಿದವರು ದೀಪಾ ಭಾಸ್ತಿ. ನಾವು ಮೂಲ ಕನ್ನಡದಲ್ಲಿಯೇ ‘ಎದೆಯ ಹಣತೆ’ ಕತೆಯನ್ನು ಓದಿದೆವು. ಗಂಡ ಬೇರೊಬ್ಬಳ ಸಂಗ ಮಾಡಿದ್ದಾನೆ. ಮೆಹರುನ್ ಎಂಬ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರಿಗೆ ಅವಳ ಸಂಕಟಕ್ಕಿಂತ ಮನೆತನದ ಮರ್ಯಾದೆಯೇ ದೊಡ್ಡದಾಗಿ ತೋರುತ್ತದೆ. ಅವಳನ್ನು ಮರಳಿ ಗಂಡನ ಮನೆಗೆ ಮುಟ್ಟಿಸುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆಗೆ ಕೈ ಹಾಕುತ್ತಾಳೆ. ತಡೆಯುವುದು ಹಿರಿಯರಲ್ಲ, ಮಗಳು. ಅನ್ಯಧರ್ಮದವರ ಮನೆಯ ಕಥೆಯೆಂದು ಇದನ್ನು ಬದಿಗಿಡಲು ನಮ್ಮಿಂದಾಗಲಿಲ್ಲ. “ಹೊಂದಿಕೊಂಡು ಹೋಗವ್ವ” ಎಂಬ ಮಾತು ನಮ್ಮ ಪಡಸಾಲೆಗಳಲ್ಲಿ ಕೇಳಿಲ್ಲವೆ?

ಇನ್ನೊಂದು ‘ನಡುವೆ ಸುಳಿವ ಹೆಣ್ಣು’. ಮಂಜಮ್ಮ ಜೋಗತಿಯವರ ಆತ್ಮಕಥನ. ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ಗಂಡುಮಗುವಾಗಿ ಹುಟ್ಟಿ ಒಳಗೆ ಹೆಣ್ಣಾಗಿದ್ದ ಈ ಜೀವಕ್ಕೆ ಹೆತ್ತವರು ಹುಲಿಗಿಯಲ್ಲಿ ಮುತ್ತು ಕಟ್ಟಿಸಿದರು. ಮನೆಯಲ್ಲಿ ಬಾಳಲಾರದೆ ವಿಷ ಕುಡಿದು ಬದುಕಿ, ಭಿಕ್ಷೆ ಬೇಡಿ, ದೌರ್ಜನ್ಯ ಸಹಿಸಿ, ಕಡೆಗೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರಲ್ಲಿ ಜೋಗತಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದುದನ್ನು ನಾಡೆಲ್ಲ ಕಂಡಿತು. ಪ್ರಶಸ್ತಿಯ ಪುಟಗಳಿಗಿಂತ ಮನೆ ಬಿಟ್ಟ ಪುಟಗಳೇ ನಮ್ಮನ್ನು ಹೆಚ್ಚು ಕಾಡಿದವು. ಪುಸ್ತಕದ ಹೆಸರು ಕೇಳಿದೊಡನೆ ನಮಗೆ ನೆನಪಾದುದು ಜೇಡರ ದಾಸಿಮಯ್ಯನವರ ವಚನ. ದೇಹದ ಕುರುಹು ನೋಡಿ ಹೆಣ್ಣು ಗಂಡೆಂದು ಕರೆದರೂ ನಡುವಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಬಸವಣ್ಣನವರಿಗೂ ಹಿಂದೆಯೇ ಹೇಳಿದ ಶರಣರು ಅವರು. ಆ ವಚನವನ್ನು ನಾವು ಸಭೆಗಳಲ್ಲಿ ಹಾಡಿಸುತ್ತೇವೆ. ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ವಚನ ಮಗುವಿನ ರೂಪದಲ್ಲಿ ನಮ್ಮ ಮನೆಯಲ್ಲಿಯೇ ಹುಟ್ಟಿ ಬಂದರೆ ಬಾಗಿಲು ತೆರೆದಿಡುವೆವೋ ಮುಚ್ಚುವೆವೋ? ಅಂಥ ಮಗುವಿನ ತಂದೆತಾಯಿಗಳನ್ನು ಬೀಗರು ನೆಂಟರು ಆಡಿಕೊಳ್ಳುವಾಗ ಅವರ ಪಕ್ಕದಲ್ಲಿ ಕುಳಿತುಕೊಳ್ಳುವೆವೋ ಎದ್ದುಹೋಗುವೆವೋ? ಹೆತ್ತವರ ಕಣ್ಣೀರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರಿಗೆ ಧೈರ್ಯ ಹೇಳುವವರು ಯಾರೂ ಇಲ್ಲದಿದ್ದುದೇ ಹೆಚ್ಚಿನ ದುಃಖ.

ಮೆಹರುನ್ ಕಲ್ಪನೆಯ ಹೆಣ್ಣು, ಮಂಜಮ್ಮ ನಮ್ಮ ನಡುವೆಯೇ ಇರುವವರು. ಇಬ್ಬರ ಕಥೆಯೂ ಬಂದು ನಿಲ್ಲುವುದು ಮನೆಯ ಹೊಸ್ತಿಲಲ್ಲಿ. ದಾಸೋಹವೆಂದರೆ ಬಂದವರಿಗೆ ಅನ್ನವಿಕ್ಕುವುದು ಎಂದು ಬಲ್ಲೆವು. ಮರಳಿ ಬಂದ ಮಕ್ಕಳಿಗೆ ಮೊದಲು ಬಾಗಿಲು ತೆರೆದು, ಆಮೇಲೆ ಕಾರಣ ಕೇಳುವುದೂ ದಾಸೋಹವೇ ಎಂದು ಈ ಓದು ನಮಗೆ ಮನಗಾಣಿಸಿತು.

ಬರುವ ದಿನಗಳಲ್ಲಿ ಮದುವೆ, ಗೃಹಪ್ರವೇಶಗಳಿಗೆ ಸ್ಟೀಲಿನ ಪಾತ್ರೆಯೊಡನೆ ಒಂದು ಪುಸ್ತಕವನ್ನೂ ಆಯೇರಿಯಾಗಿ ಕೊಡಬಾರದೇಕೆ? ಬಂಧುಗಳು ಯೋಚಿಸಲಿ. ತಾವು ಓದಿ ಮೆಚ್ಚಿದುದನ್ನು ನಮಗೂ ತಿಳಿಸಲಿ.