ಆಕಾಶದ ಅಂತರ, ಪ್ರಯಾಣದ ಕಾಲ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂಬುದನ್ನು ನಮ್ಮ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ಮಂಗಳೂರು ಮತ್ತು ಹುಬ್ಬಳ್ಳಿಯ ವಿಮಾನ ನಿಲ್ದಾಣಗಳಿಗೆ ಈ ಸೂತ್ರವನ್ನು ಅನ್ವಯಿಸಿದರೆ ಮಾತ್ರ ಉತ್ತರ ತಾಳೆಯಾಗುವುದಿಲ್ಲ. ಮುಂಬಯಿಯಲ್ಲಿ ಕರಾವಳಿಯವರ ಮಕ್ಕಳೂ ಉತ್ತರ ಕರ್ನಾಟಕದವರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುತ್ತಾರೆ. ಮುಂದೆ ಒಬ್ಬರ ಊರಿನ ಮದುವೆ ಮುಂಜಿಗಳಿಗೆ ಮತ್ತೊಬ್ಬರು ಹೋಗುವಷ್ಟು ನಂಟು ಬೆಳೆಯುತ್ತದೆ. ಆದುದರಿಂದ ಈ ಲೆಕ್ಕದ ಗೋಜಿಗೆ ನಾವು ಹೋಗಬೇಕಾಗಿದೆ.

ಭೂಪಟದ ಮೇಲೆ ಗೆರೆ ಎಳೆದರೆ ಬಜ್ಪೆಯಿಂದ ಹುಬ್ಬಳ್ಳಿಗೆ ಸುಮಾರು 265 ಕಿಲೋಮೀಟರು. ಸಣ್ಣ ನಿಲ್ದಾಣಗಳಿಗೆ ಹಾರುವ ಎ.ಟಿ.ಆರ್. ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಸೂತ್ರದಂತೆ ಅರ್ಧ ಗಂಟೆಯಲ್ಲಿ ತಲುಪಬೇಕು. ಆದರೆ ಆ ವೇಗವು ಎತ್ತರಕ್ಕೇರಿ ನೆಟ್ಟಗೆ ಹಾರುವಾಗಿನದು. ಏರುವಾಗಲೂ ಇಳಿಯುವಾಗಲೂ ಅದು ಕಡಿಮೆ. ರನ್‌ವೇಯ ತುದಿಯವರೆಗೆ ಉರುಳಬೇಕು, ಸರದಿ ಕಾಯಬೇಕು, ಗಾಳಿಗೆ ಎದುರಾಗಿ ಇಳಿಯಲು ಒಂದು ಸುತ್ತು ಹಾಕಬೇಕು. ಇಂತಹ ಹಾದಿಗೆ ಸುಮಾರು ಒಂದು ಗಂಟೆಯನ್ನು ಕಾದಿರಿಸುವುದರಲ್ಲಿ ಮೋಸವೇನೂ ಇಲ್ಲ. ಹಾದಿ ಕಿರಿದಾದಷ್ಟೂ ಈ ಮೇಲ್ಖರ್ಚಿನ ಪಾಲು ಹಿರಿದಾಗುತ್ತದೆ, ಅಷ್ಟೇ.

ನೇರ ವಿಮಾನವಿಲ್ಲದಾಗ ಪ್ರಯಾಣಿಕನು ಬೆಂಗಳೂರನ್ನು ಬಳಸಿ ಹೋಗಬೇಕಾಗುತ್ತದೆ. ಬೆಂಗಳೂರಿಗೆ ಸುಮಾರು 305, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 370. ಒಟ್ಟು 675 ಕಿಲೋಮೀಟರು! ಮಂಗಳೂರಿನಿಂದ ನಮ್ಮ ಮುಂಬಯಿಗೆ ಇರುವ ಆಕಾಶದ ಅಂತರವೇ ಸುಮಾರು 715. ಬೆಂಗಳೂರಿನಲ್ಲಿ ಕಾದು ಕೂರುವ ತಾಸುಗಳು ಬೇರೆ.

ಬಸ್ಸಿದೆಯಲ್ಲ ಎನ್ನುವವರುಂಟು. ಕರಾವಳಿಯ ಹೆದ್ದಾರಿ ಹಿಡಿದು ಅಂಕೋಲೆಗೆ ಹೋಗಿ, ಅರಬೈಲು ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹಾಯ್ದು ಹುಬ್ಬಳ್ಳಿ ಸೇರುವುದರಲ್ಲಿ ಹಗಲು ಮುಗಿಯುತ್ತದೆ. ಮಳೆಗಾಲದಲ್ಲಿ ಆ ಭರವಸೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು.

ಸಣ್ಣ ಊರುಗಳನ್ನು ಆಕಾಶಮಾರ್ಗದಿಂದ ಜೋಡಿಸಲೆಂದೇ ಕೇಂದ್ರ ಸರಕಾರವು ಉಡಾನ್ ಯೋಜನೆಯನ್ನು ತಂದು, 2017ರ ಏಪ್ರಿಲಿನಲ್ಲಿ ಅದರ ಮೊದಲ ವಿಮಾನವನ್ನು ಹಾರಿಸಿತು. ಕಂಪನಿಗಳ ನಷ್ಟ ತುಂಬಲು ಮೂರು ವರ್ಷ ಸಹಾಯಧನ ಕೊಡುವ ಏರ್ಪಾಡು ಅದರಲ್ಲಿದೆ. ಮಹಾಲೇಖಪಾಲರ 2023ರ ವರದಿಯಂತೆ, ಯೋಜನೆಯ ಮೊದಲ ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳ ಪೈಕಿ 403 ಆರಂಭವಾಗಲೇ ಇಲ್ಲ. ಮೂರು ವರ್ಷ ಪೂರೈಸಿದವು 112. ಅವುಗಳಲ್ಲಿಯೂ 2023ರ ಮಾರ್ಚಿನವರೆಗೆ ಉಳಿದು ಬಂದವು 54 ಮಾತ್ರ. ಇಷ್ಟನ್ನು ಕಂಡು ಯೋಜನೆಯೇ ವ್ಯರ್ಥವೆಂದು ಕೈಬಿಡಲು ನಾವು ಒಪ್ಪೆವು.

ಮಾರ್ಗಗಳನ್ನು ಆರಿಸುವಾಗ ಆಕಾಶದ ಕಿಲೋಮೀಟರುಗಳಿಗಿಂತ ನೆಲದ ತಾಸುಗಳನ್ನು ಮೊದಲು ಎಣಿಸತಕ್ಕದ್ದೆಂಬುದು ನಮ್ಮ ಮತ. ಒಳ್ಳೆಯ ರೈಲು ಇರುವಲ್ಲಿ ಸಹಾಯಧನ ಬೇಡ. ಘಟ್ಟ ಅಡ್ಡಬಂದು 265 ಕಿಲೋಮೀಟರು ಒಂದು ಹಗಲಾಗುವಲ್ಲಿ ಅದು ಮೂರು ವರ್ಷಕ್ಕೆ ನಿಲ್ಲಬಾರದು. ಮಳೆಗಾಲದಲ್ಲಿ ಗುಡ್ಡದ ಮೇಲಿನ ಬಜ್ಪೆಗೂ ಮೋಡ ಕವಿದು ವಿಮಾನಗಳು ಬೇರೆಡೆಗೆ ತಿರುಗುವುದುಂಟು, ನಿಜ. ಆದರೂ ವಾರಕ್ಕೆ ಮೂರು ದಿನ, ಬೆಳಿಗ್ಗೆ ಹೋಗಿ ಸಂಜೆ ಮರಳಲು ಬರುವಂತೆ, ಮಂಗಳೂರು–ಹುಬ್ಬಳ್ಳಿಗಳ ನಡುವೆ ಒಂದು ಎ.ಟಿ.ಆರ್. ತಪ್ಪದೆ ಹಾರಲಿ ಎಂದು ನಾವು ಕೇಳುತ್ತೇವೆ.