ತಂಪು ಯಂತ್ರದ ಕಲಿಕೆಗೆ ಕನ್ನಡ ಅಡ್ಡಿಯೇ?



ಮಕ್ಕಳು ಎಂಟನೆಯ ತರಗತಿಗೆ ಕಾಲಿಡುತ್ತಲೇ ವರ್ಗಾವಣೆ ಪತ್ರ ಕೇಳಲು ಬರುವ ತಂದೆತಾಯಂದಿರು ಕೊಡುವ ಕಾರಣ ಹೆಚ್ಚಾಗಿ ಒಂದೇ: ಕನ್ನಡದಲ್ಲಿ ಓದಿದರೆ ತಾಂತ್ರಿಕ ಶಿಕ್ಷಣ ಕಷ್ಟ. ಈ ಮಾತು ಎಷ್ಟು ನಿಜವೆಂದು ಒಂದು ಕಸುಬನ್ನು ಮುಂದಿಟ್ಟು ನೋಡೋಣ.

ಐ.ಟಿ.ಐ.ಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ 2 ವರ್ಷಗಳ ತರಬೇತಿಯಿದೆ. ವಿಜ್ಞಾನ, ಗಣಿತಗಳೊಂದಿಗೆ ಹತ್ತನೆಯ ತರಗತಿ ತೇರ್ಗಡೆಯಾದ ಹುಡುಗರೂ ಹುಡುಗಿಯರೂ ಸೇರಬಹುದು. ಫ್ರಿಜ್ ರಿಪೇರಿಯಷ್ಟೇ ಎಂದು ಹಗುರವಾಗಿ ಕಾಣಬೇಡಿ. ನೂಲಿನ ಗಿರಣಿಯ ಗಾಳಿ ಒಣಗಿದರೆ ಎಳೆ ಹರಿಯುತ್ತದೆ. ಅಲ್ಲಿ ತೇವಾಂಶ ಕಾಯುವ ಯಂತ್ರ ಬೇಕು. ಮಕ್ಕಳಿಗೆ ಹಾಕಿಸುವ ಬಹುಪಾಲು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಕಾಸರಗೋಡಿನ ಮೀನಿಗೂ ಹೊಸೂರಿನ ಗುಲಾಬಿಗೂ ತಂಪು ಬೇಕು. ಇವನ್ನೆಲ್ಲ ನೋಡಿಕೊಳ್ಳುವವರು ಈ ವಿದ್ಯೆ ಬಲ್ಲವರೇ.

ಇನ್ನು ಇದರ ವಿಜ್ಞಾನ. ಮಣ್ಣಿನ ಕೊಡದ ನೀರು ಏಕೆ ತಣ್ಣಗಿರುತ್ತದೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಕೊಡದ ಶಾಖವನ್ನು ಹೀರಿಕೊಳ್ಳುತ್ತದೆ. ಏ.ಸಿ.ಯೊಳಗೂ ಇದೇ ಕೆಲಸ. ದ್ರವ ಆವಿಯಾಗುತ್ತ ಕೋಣೆಯ ಶಾಖ ಹೀರುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಹೊರಗಡೆ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಗುಪ್ತೋಷ್ಣದ ಪಾಠವನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಇದರಲ್ಲಿ ಹೊಸದೇನಿದೆ? ಕಂಪ್ರೆಸರ್, ಕಂಡೆನ್ಸರ್ ಎಂಬ ಹೆಸರುಗಳು ಮಲಯಾಳ, ಮರಾಠಿ, ತೆಲುಗು ಮಾಧ್ಯಮದ ಮಕ್ಕಳಿಗೂ ಅಷ್ಟೇ ಹೊಸವು. ಅರ್ಥವಾಗದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗುವೇ ಇಲ್ಲಿ ತಡವರಿಸುವುದು.

ಹಾಗೆಂದು ತೊಡಕೇ ಇಲ್ಲವೆನ್ನಲಾಗದು. ಸಂವಿಧಾನದ 350ಎ ವಿಧಿ ಮಾತೃಭಾಷಾ ಬೋಧನೆಯ ಮಾತಾಡುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಐ.ಟಿ.ಐ.ಯಲ್ಲಿ ಬೋಧಕರು ವಿವರಿಸುವುದು ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿ, ಯಂತ್ರದ ಮೇಲಿನ ಬರಹ ಇಂಗ್ಲಿಷಿನಲ್ಲಿ. ಆದ್ದರಿಂದ ಈ ಎರಡನ್ನೂ ಮಗು ಶಾಲೆಯಲ್ಲೇ ಚೆನ್ನಾಗಿ ಓದಿ ಬರೆಯುವಂತಾಗಬೇಕು. ಅದಕ್ಕೆ ಒಳ್ಳೆಯ ಭಾಷಾ ಶಿಕ್ಷಕರನ್ನು ಕೇಳಿ ಪಡೆಯೋಣ, ಮಾಧ್ಯಮ ಬದಲಿಸಬೇಕಾಗಿಲ್ಲ.

ಅಂಗಡಿಯಲ್ಲಿ ಸಹಾಯಕನಾಗಿ ನಿಂತು ಕಲಿತರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಿಂದೆ ಸಾಕಾಗುತ್ತಿತ್ತೇನೋ. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಅದರಂತೆ ಹಳೆಯ ಅನಿಲಗಳು ಒಂದೊಂದಾಗಿ ಹೋಗುತ್ತಿವೆ. ಬದಲಿಗೆ ಬಂದಿರುವವುಗಳಲ್ಲಿ ಪ್ರೊಪೇನಿನಂತಹ ಕೆಲವು ಬೆಂಕಿ ಹಿಡಿಯುವಂಥವು. ಸೋರಿಕೆ ನೋಡದೆ, ಗಾಳಿಯಾಡದ ಕೋಣೆಯಲ್ಲಿ ಬೆಸುಗೆ ಹಚ್ಚಿದರೆ ಜೀವಕ್ಕೇ ಅಪಾಯ. ಕಣ್ಣಳತೆಯ ವಿದ್ಯೆಗೆ ನಮ್ಮ ಮಕ್ಕಳನ್ನು ಬಿಡಬೇಡಿ.

ಹತ್ತನೆಯ ಫಲಿತಾಂಶ ಬಂದೊಡನೆ ಹತ್ತಿರದ ಐ.ಟಿ.ಐ.ಗೆ ಖುದ್ದಾಗಿ ಹೋಗಿ. ಈ ತರಬೇತಿ ಅಲ್ಲಿದೆಯೇ, ಅರ್ಜಿಗೆ ಕೊನೆಯ ದಿನ ಯಾವುದು, ಮುಗಿದ ಮೇಲೆ 1961ರ ಕಾಯ್ದೆಯಡಿ ಅಪ್ರೆಂಟಿಸ್ ಆಗಿ ಎಲ್ಲಿ ಸೇರಿಸುತ್ತಾರೆ ಎಂದು ವಿಚಾರಿಸಿ. ಪ್ರಶ್ನೆಪತ್ರಿಕೆ ಯಾವ ಯಾವ ಭಾಷೆಗಳಲ್ಲಿ ಸಿಗುತ್ತದೆ ಎಂಬುದನ್ನೂ ತಪ್ಪದೆ ಕೇಳಿ. ಕನ್ನಡ ಇಲ್ಲವೆಂದರೆ ಆ ಉತ್ತರವನ್ನು ಬರಹದಲ್ಲಿ ಪಡೆದು ನಮಗೆ ಕಳುಹಿಸಿ.