ಮಾತಿಗೆ ಬಜೆಯೊಂದೇ ಸಾಲದು



ಸೊರಬ ತಾಲ್ಲೂಕಿನ ಕುಬಟೂರಿನಂಥ ಊರುಗಳಲ್ಲಿ ಮಗುವಿಗೆ ಮಾತು ತಡವಾದರೆ ಇಂದಿಗೂ ಹಿರಿಯರಿಗೆ ನೆನಪಾಗುವುದು ಬಜೆ. ತೇಯ್ದು ನಾಲಿಗೆಗೆ ಸವರಿ, ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎನ್ನುವಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಎರಡು ವರ್ಷ ತುಂಬಿದರೂ ‘ಅಮ್ಮ ಬಾ’ ಎಂಬಂತೆ ಪದ ಜೋಡಿಸದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಬೇಕು.

ಜೊತೆಗೆ ಮನೆಯಲ್ಲೇ ಮಾತಿನ ಅಭ್ಯಾಸ ಮಾಡಿಸಬಹುದು; ಅದಕ್ಕೆ ದುಡ್ಡು ಬೇಡ. ಮಗು ದನ ತೋರಿಸಿ ‘ಅಂಬಾ’ ಎಂದರೆ ‘ಹೌದು, ಅಂಬಾ ಹುಲ್ಲು ತಿಂತಾ ಇದೆ’ ಎಂದು ಮಾತು ಬೆಳೆಸಬಹುದು. ಏನಾದರೂ ಕೇಳಿದ ಮೇಲೆ ಐದಾರು ಸೆಕೆಂಡು ಸುಮ್ಮನೆ ಕಾಯಬೇಕು. ದೊಡ್ಡವರಿಗೆ ಕಷ್ಟವಾಗುವುದು ಇದೇ! ‘ರ’ ಬಾರದೆ ‘ಲ’ ಎನ್ನುವ ಮೂರರ ಮಗುವಿನಿಂದ ನೆಂಟರೆದುರು ಮತ್ತೆ ಮತ್ತೆ ಹೇಳಿಸಿ ನಗುವುದು ಅಭ್ಯಾಸವಲ್ಲ, ಹಿಂಸೆ. ಆ ಧ್ವನಿ ಬರುವುದೇ ತಡವಾಗಿ.

1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತಾಯಂದಿರಿಗೂ ತರಬೇತಿ ಕೊಡುತ್ತದೆ. ಆದರೆ ಕುಬಟೂರಿನ ಕೂಲಿ ಕುಟುಂಬಕ್ಕೆ ಮೈಸೂರು ದೂರ. ಊರಿಗೇ ಬರಬೇಕಾದ ವ್ಯವಸ್ಥೆಯೂ ಇದೆ: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಭಾಷಾ ವಿಳಂಬವೂ ಅದರ ಪಟ್ಟಿಯಲ್ಲಿದೆ. ತಪಾಸಣೆಯ ದಿನವೇ ತಾಯಂದಿರಿಗೆ ಅರ್ಧ ಗಂಟೆ ಈ ಮನೆಪಾಠ ಹೇಳಿಕೊಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ನಮ್ಮ ಆನವಟ್ಟಿ ಭಾಗದಲ್ಲಿ ಮಾಡಲಿ.

– ಓದುಗರೊಬ್ಬರು, ಕುಬಟೂರು